ಕ್ಲೀನ್ ಆಂಪ್‌ನಿಂದಲೂ ಜವಾರಿ ದನಿ ತೆಗೀಬಹುದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ದೇವರ ಹಿಪ್ಪರಗಿಯಿಂದ ಮಾತಾಡ್ತಾ ಇದ್ದೀನಿ. ಹಿಂದ ಏನರ ಕುಟ್ಟೋ ಸಪ್ಪಳ ಕೇಳಿದ್ರ ಸಂಭಾಳಿಸ್ಕೊಳ್ರಿ, ಬಾಜೂ ಮನ್ಯಾಗ ಶೇಂಗಾ ಹಿಂಡಿ ಕುಟ್ಟಾಕತ್ತಾರ.

ಹೋದ ವಾರ ಸಿಂದಗಿಯಿಂದ ಒಬ್ಬ, ಮುದ್ದೇಬಿಹಾಳದಿಂದ ಒಬ್ಬ, ಇಬ್ಬರು ಹುಡುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಇಬ್ಬರದೂ ಒಂದೇ ಪ್ರಶ್ನೆ: "ಅಣ್ಣಾ, ನನ್ ಕಡೆ ಇರೋದು ಕ್ಲೀನ್ ಸೌಂಡ್ ಬರೋ ಆಂಪ್. ಇದರಾಗ ಮೆಟಲ್ ಹಾಡಿನ ಭಾರಿ ದನಿ ಬರ್ತದೇನು? ಇಲ್ಲಾ ಇದನ್ನ ಮಾರಿ ಬ್ಯಾರೆ ತಗೋಬೇಕಾ?"

ಮಾರಬ್ಯಾಡ್ರಿ. ಇವತ್ತಿನ ಸಂಚಿಕೆಯ ಉತ್ತರ ಇಷ್ಟೇ. ಯಾಕ ಮಾರಬಾರದು, ಇದ್ದದ್ದರಾಗ ಏನು ಮಾಡಬೇಕು ಅನ್ನೋದನ್ನ ಹೇಳ್ತೀನಿ. ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಬೇಕು.

ಆಗ ನಾನು ಬಿ.ಕಾಂ ಕೊನೇ ವರ್ಷ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಒಂದಿತ್ತು, ಆಂಪ್ ಇರಲಿಲ್ಲ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕಾರ್ಯಕ್ರಮ ಆಯ್ತಲ್ಲ, ಅದರ ವಿಡಿಯೋ ಮೊಬೈಲ್‌ನಲ್ಲಿ ನೋಡಿ ನೋಡಿ ತಲಿ ಕೆಟ್ಟಿತ್ತು. ಆ ದನಿ ನನಗೂ ಬೇಕಿತ್ತು. ನಮ್ಮ ಓಣಿಯಾಗ ಒಬ್ಬ ಕಾಕಾ ಇದ್ದಾರ. ಜಾತ್ರಿ, ಮದುವಿ, ರಸಮಂಜರಿ ಅಂತ ಆರ್ಕೆಸ್ಟ್ರಾದಾಗ ಕೀಬೋರ್ಡ್ ನುಡಿಸ್ತಾರ. ಒಂದು ಮಧ್ಯಾಹ್ನ ಅವರ ಕೀಬೋರ್ಡ್ ಆಂಪ್ ಕೇಳಿ ತಂದೆ. ಗಿಟಾರ್ ಚುಚ್ಚಿದೆ, ದನಿ ಗಂಟೆಯಂಗ ಸ್ವಚ್ಛ. ಹಂಗಾದ್ರ ಜೋರು ಮಾಡಿದ್ರ ಒರಟಾಗ್ತದ ಅಂತ ತಿಳಕೊಂಡು ಎಲ್ಲಾ ನಾಬ್ ಪೂರ್ತಿ ತಿರುವಿದೆ. ಕೀಬೋರ್ಡ್ ಆಡಿಯೋ ಆಪ್‌ನಿಂದ ಇನ್ನಷ್ಟು ಸಿಗ್ನಲ್ ಕೂಡಿಸಿದೆ. ಸ್ವಲ್ಪ ಹೊತ್ತು ಒಂದು ನಮೂನಿ ಗೊಗ್ಗರ ದನಿ ಬಂತು. ಆಮೇಲೆ ಸುಟ್ಟ ವಾಸನೆ. ಆಮೇಲೆ ಏನೂ ಇಲ್ಲ.

ಸ್ಪೀಕರ್‌ನ ಕಾಯಿಲ್ ಸುಟ್ಟಿತ್ತು. ಮರುದಿನ ಕಾಕಾಗ ಮದುವಿ ಕಾರ್ಯಕ್ರಮ. ಬಾಡಿಗೆ ಆಂಪ್ ತಂದು ನುಡಿಸಿದ್ರು. ಬಂದ ಸಂಭಾವನೆ ಬಹುತೇಕ ಬಾಡಿಗೆಗೇ ಹೋಯ್ತು. ಅದು ಮದುವಿ ಸೀಜನ್. ಆ ಎರಡು ತಿಂಗಳ ದುಡಿಮೆ ಮ್ಯಾಲೆ ಅವರ ಮನಿ ನಡೀತದ. ರಿಪೇರಿ ದುಡ್ಡು ನಾನು ಮೂರು ಕಂತಿನ್ಯಾಗ ಕೊಟ್ಟೆ. ಕಾಕಾ ಬೈಲಿಲ್ಲ. ಒಂದೇ ಮಾತು ಹೇಳಿದ್ರು: "ತಮ್ಮಾ, ನೀ ದನಿ ಜೋರು ಮಾಡಿದಿ. ಒರಟು ಮಾಡೋದು ಬ್ಯಾರೆ ಕೆಲಸ."

ಆಮೇಲೆ ಮನಿಯೊಳಗಿಂದ ಅವರಪ್ಪನ ತಂಬೂರಿ ತಂದ್ರು. ಮಿರಜ್‌ನಾಗ ಕೊಂಡದ್ದು. ತಂತಿ ಮೀಟಿದ್ರು, ಸಪ್ಪೆ ದನಿ. ಕುದುರೆ ಮ್ಯಾಲೆ, ತಂತಿ ಕೆಳಗ, ಒಂದು ನೂಲಿನ ಎಳಿ ಸೇರಿಸಿ ಅತ್ತಿತ್ತ ಸರಿಸಿದ್ರು. ಒಂದು ಜಾಗಕ್ಕ ಬಂದ ಕೂಡಲೇ ಅದೇ ತಂತಿ ಜುಂಯ್ ಅಂತ ತುಂಬಿಕೊಂಡು ಹಾಡಾಕತ್ತಿತು. "ಇದಕ್ಕ ಜವಾರಿ ಅಂತಾರ" ಅಂದ್ರು. ನಮಗ ಜವಾರಿ ಕೋಳಿ, ಜವಾರಿ ಬದನಿಕಾಯಿ ಗೊತ್ತು. ತಂಬೂರಿಗೂ ಜವಾರಿ ಇರ್ತದ ಅಂತ ನನಗ ಅವತ್ತೇ ಗೊತ್ತಾಗಿದ್ದು. ಅಲ್ಲಿ ಏನಾಗ್ತದ ಅಂದ್ರ, ತಂತಿ ಕುದುರೆಗೆ ಸವರಿಕೊಂಡು ನಡುಗ್ತದ. ಆ ಸವರುವಿಕೆಯಿಂದ ಮೂಲ ಸ್ವರದ ಜೊತೆ ಮೇಲಿನ ಸ್ವರಾಂಶಗಳೂ ಎದ್ದು ಬರ್ತಾವ. ದನಿ ಜೋರಾಗೋದಿಲ್ಲ, ದಟ್ಟ ಆಗ್ತದ.

ಗಿಟಾರ್‌ನ ಡಿಸ್ಟಾರ್ಷನ್‌ನಲ್ಲೂ ಆಗೋದು ಇದಕ್ಕೆ ಹತ್ತಿರದ್ದೇ, ದಾರಿ ಬೇರೆ. ಕಣಿಕಿ ಹೇರಿದ ಚಕ್ಕಡಿ ಊರ ಅಗಸಿಯೊಳಗ ಹಾಯ್ತದ ಅಂತ ತಿಳ್ಕೊಳ್ರಿ. ಹೇರಿದ್ದು ಎತ್ತರ ಆದ್ರ ಕಮಾನು ಮೇಲಿನದ್ದನ್ನ ಸವರಿಬಿಡ್ತದ. ಆಚೆ ಬರೋ ಹೊರೆ ಮೇಲ್ಭಾಗದಲ್ಲಿ ಚಪ್ಪಟೆ. ಗಿಟಾರ್ ಸಿಗ್ನಲ್ ಕೂಡ ಅಲೆ. ಸರ್ಕ್ಯೂಟ್‌ನಲ್ಲಿ ಅದರ ತಲೆ ಹಿಂಗ ಕತ್ತರಿಸಿದ್ರ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರ. ಪ್ರಶ್ನೆ ಇರೋದು, ಆ ಅಗಸಿ ಎಲ್ಲಿರಬೇಕು ಅನ್ನೋದು. ನಾನು ಅದನ್ನ ಆಂಪ್‌ನ ಕೊನೇ ಹಂತದಾಗ, ಸ್ಪೀಕರ್ ಮುಂದ ಇಟ್ಟಿದ್ದೆ. ಪೂರ್ತಿ ಚಪ್ಪಟೆಯಾದ ಅಲೆ, ಅಷ್ಟೇ ಎತ್ತರದ ನಯವಾದ ಅಲೆಗಿಂತ ಎರಡು ಪಟ್ಟು ಶಕ್ತಿ ಸ್ಪೀಕರ್‌ಗೆ ಕಳಿಸ್ತದ. ಕಾಯಿಲ್ ಸುಡದೆ ಇನ್ನೇನಾಗ್ತದ?

ನನಗಿಂತ ಮುಂಚೆ ದೊಡ್ಡವರೂ ಸ್ಪೀಕರ್ ಹಾಳು ಮಾಡ್ಯಾರ. 1958ರ 'ರಂಬಲ್' ಹಾಡಿಗಾಗಿ ಲಿಂಕ್ ರೇ ಅನ್ನೋ ಗಿಟಾರಿಸ್ಟ್ ಪೆನ್ಸಿಲ್‌ನಿಂದ ಸ್ಪೀಕರ್‌ಗೆ ತೂತು ಮಾಡಿದ. 1964ರಾಗ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡ್ ತಗೊಂಡು ಸಣ್ಣ ಆಂಪ್‌ನ ಸ್ಪೀಕರ್ ಸೀಳಿದ. ಆದ್ರ ಅವನು ಒಂದು ಶಾಣ್ಯಾ ಕೆಲಸ ಮಾಡಿದ್ದ. ಆ ಹರಿದ ಸಣ್ಣ ಆಂಪ್‌ನ ದನಿಯನ್ನ ಇನ್ನೊಂದು ದೊಡ್ಡ ಆಂಪ್‌ಗೆ ಕೊಟ್ಟಿದ್ದ. ಹೊಲಸು ಮೊದಲು, ಜೋರು ಆಮೇಲೆ. ಅದೇ ಕೆಲಸವನ್ನ ಡಬ್ಬಿಯೊಳಗ ಮಾಡಿದ್ದು 1962ರಾಗ ಬಂದ ಮೇಸ್ಟ್ರೋ ಫಝ್-ಟೋನ್. 1978ರಾಗ ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1 ಪೆಡಲ್ ಬಂತು, ಇವತ್ತಿಗೂ ಸಿಗ್ತದ.

ಹಂಗಾಗಿ ಕ್ಲೀನ್ ಆಂಪ್ ಇರೋದು ಕೊರತೆ ಅಲ್ಲ. ಬಿಳಿ ಗ್ವಾಡಿ ಇದ್ದಂಗ. ಯಾವ ಬಣ್ಣ ಹಚ್ಚಿದ್ರೂ ಅದೇ ಬಣ್ಣ ಕಾಣ್ತದ. ಈಗ ಕೆಲಸಕ್ಕೆ ಬರೋಣ.

ಒಂದು. ಡಿಸ್ಟಾರ್ಷನ್ ಪೆಡಲ್ ಒಂದು ಸಾಕು, ಅದು ಗಿಟಾರ್ ಮತ್ತು ಆಂಪ್ ನಡುವೆ. ಆಂಪ್‌ನ ವಾಲ್ಯೂಮ್ ಆರಾಮಾಗಿ ಕ್ಲೀನ್ ಇರೋ ಮಟ್ಟದಲ್ಲಿ ಇಡ್ರಿ. ಒರಟು ಪೂರ್ತಿ ಪೆಡಲ್‌ನಿಂದ ಬರ್ಲಿ. ಕೀಬೋರ್ಡ್ ಆಂಪ್ ಆದ್ರ ಪೆಡಲ್ ಇನ್ನೊಂದು ಉಪಕಾರ ಮಾಡ್ತದ. ಗಿಟಾರ್ ಪಿಕಪ್ ನೇರ ಲೈನ್ ಇನ್‌ಪುಟ್‌ಗೆ ಹೋದ್ರ ದನಿ ಮಂಕಾಗ್ತದ, ನಡುವೆ ಪೆಡಲ್ ಆನ್ ಇದ್ರ ಆ ತೊಂದ್ರಿ ತಪ್ತದ.

ಎರಡು. ಗೇನ್ ಕಡಿಮೆ ಮಾಡ್ರಿ. ಹೌದು, ಕಡಿಮೆ. ಗೇನ್ ಪೂರ್ತಿ ಇಟ್ರ ಒಬ್ಬರೇ ಕೋಣ್ಯಾಗ ಕೂತಾಗ ಭಾರಿ ಅನಿಸ್ತದ, ಡ್ರಮ್ ಜೊತೆ ಸೇರಿದ್ರ ಗಿಟಾರ್ ಕೇಳೋದೇ ಇಲ್ಲ, ಬರೀ ಮಳಿ ಸಪ್ಪಳ. ನಾಬ್ ಅರ್ಧದ ಹತ್ತಿರ ಇಟ್ಟು, ಬಲಗೈಯ ಅಂಗೈ ಅಂಚನ್ನ ಬ್ರಿಡ್ಜ್ ಹತ್ತಿರ ತಂತಿ ಮ್ಯಾಲೆ ಒತ್ತಿ ನುಡಿಸಿ ನೋಡ್ರಿ. ಆ ಧಕ್ ಧಕ್ ಅನ್ನೋ ಭಾರ ಕೈಯಿಂದ ಬರ್ತದ.

ಮೂರು. ಮಿಡ್ ತೆಗೀಬ್ಯಾಡ್ರಿ. ಬೇಸ್ ಏರಿಸಿ, ಟ್ರೆಬಲ್ ಏರಿಸಿ, ಮಿಡ್ ಸೊನ್ನೆ ಮಾಡೋ ಚಟ ನಮ್ಮೆಲ್ಲರಿಗೂ ಅದ. ಗಿಟಾರ್ ವಾಸ ಮಾಡೋದೇ ಮಿಡ್‌ನಾಗ. ಡಿಎಸ್-1 ನಮೂನಿ ಪೆಡಲ್ ತಾನೇ ಮಿಡ್ ಸ್ವಲ್ಪ ತಗ್ಗಿಸ್ತದ, ಅದಕ್ಕೆ ಆಂಪ್‌ನಲ್ಲಿ ಮಿಡ್ ಏರಿಸ್ರಿ.

ನಾಲ್ಕು. ನೊಣ ಗುಂಯ್‌ಗುಟ್ಟಿದಂಗ ಚುಚ್ಚೋ ದನಿ. ಗಿಟಾರ್ ಸ್ಪೀಕರ್‌ಗಳು ಸುಮಾರು 5 ಸಾವಿರ ಹರ್ಟ್ಝ್ ದಾಟಿದ ಮೇಲೆ ದನಿ ಬೇಗ ಇಳಿಸಿಬಿಡ್ತಾವ. ಕೀಬೋರ್ಡ್ ಆಂಪ್, ಪಿಎ ಸೆಟ್‌ಗಳಲ್ಲಿ ಟ್ವೀಟರ್ ಇರ್ತದ, ಅದು ಎಲ್ಲವನ್ನೂ ಹೊರಗ ಹಾಕ್ತದ. ಟ್ರೆಬಲ್ ಇಳಿಸ್ರಿ, ಇಲ್ಲಾ ಸ್ಪೀಕರ್ ಸಿಮ್ಯುಲೇಷನ್ ಇರೋ ಪೆಡಲ್ ಬಳಸ್ರಿ.

ಐದು. ಇನ್ನೂ ಬಿಗಿ ಬೇಕು ಅಂದ್ರ ಮಾತ್ರ ಎರಡನೇ ಪೆಡಲ್. ಟ್ಯೂಬ್ ಸ್ಕ್ರೀಮರ್ ನಮೂನಿ ಓವರ್‌ಡ್ರೈವ್ ಒಂದನ್ನ ಡಿಸ್ಟಾರ್ಷನ್ ಪೆಡಲ್‌ಗೆ ಮೊದಲು ಇಟ್ಟು, ಅದರ ಡ್ರೈವ್ ಸೊನ್ನೆ ಹತ್ತಿರ, ಲೆವೆಲ್ ಮ್ಯಾಲೆ. ಅದು ಕೆಳಗಿನ ಬೇಸ್ ಕತ್ತರಿಸಿ ಮಿಡ್ ಮುಂದೂಡ್ತದ, ಭಾರಿ ತಂತಿಗಳು ರಾಡಿ ಆಗೋದಿಲ್ಲ. ಆದ್ರ ಇದೊಂದನ್ನೇ ಕ್ಲೀನ್ ಆಂಪ್‌ಗೆ ಹಚ್ಚಿ ಮೆಟಲ್ ಬರಲಿಲ್ಲ ಅಂತ ಬೈಬ್ಯಾಡ್ರಿ, ಅದರ ಕೆಲಸ ತಳ್ಳೋದು.

ಕೊನೇದು, ಪೂರ್ತಿ ಕಾರ್ಡ್ ಬಿಟ್ಟು ಷಡ್ಜ-ಪಂಚಮದ ಪವರ್ ಕಾರ್ಡ್ ಹಿಡೀರಿ. ಡಿಸ್ಟಾರ್ಷನ್‌ನಲ್ಲಿ ಸ್ವರಗಳು ಒಂದಕ್ಕೊಂದು ಕೂಡಿ ಕಳೆದು ಹೊಸ ಸ್ವರ ಹುಟ್ಟಿಸ್ತಾವ. ಸ-ಪ ಇದ್ರ ಅವು ಹೊಂದಿಕೊಂಡು ಬರ್ತಾವ, ನಡುವೆ ಗಾಂಧಾರ ಸೇರಿದ್ರ ಕಲಸುಮೇಲೋಗರ. ತಂಬೂರಿಯನ್ನ ಹೆಚ್ಚಾಗಿ ಸ-ಪಕ್ಕೇ ಶ್ರುತಿ ಮಾಡ್ತಾರಲ್ಲ, ನೆನಪಿಟ್ಕೊಳ್ರಿ.

ಕಾಮರ್ಸ್ ಓದಿದವನ ಲೆಕ್ಕ ಒಂದು ಹೇಳ್ಲಾ? ಹೊಸ ಆಂಪ್‌ಗೆ ನಾನು ಆಗ 18 ತಿಂಗಳ ಕಂತಿನ ಲೆಕ್ಕ ಹಾಕಿ ಇಟ್ಟಿದ್ದೆ. ಕೊನೆಗೆ ಕೊಂಡದ್ದು ಒಂದು ಹಳೇ ಪೆಡಲ್, ರೊಕ್ಕ ಒಂದೇ ಸಲ ಎಣಿಸಿ ಕೊಟ್ಟೆ.

ಹೋದ ವರ್ಷ ಓಣಿ ಗಣಪತಿ ಮುಂದ ಆರ್ಕೆಸ್ಟ್ರಾ ಇತ್ತು. "ಒಂದು ಹಾಡಿಗೆ ನೀನೂ ಬಾ" ಅಂದ್ರು ಕಾಕಾ. ಆಂಪ್ ತಾವೇ ಹೊತ್ತು ತಂದು ಇಟ್ರು. ಅದೇ ಆಂಪ್. ನಾನು ವಾಲ್ಯೂಮ್ ನಾಲ್ಕಕ್ಕೆ ಇಟ್ಟು ಪೆಡಲ್ ಒತ್ತಿದೆ. ಮುಂದಿನ ಸಾಲಿನ ಹುಡುಗರು ಎದ್ದು ನಿಂತ್ರು, ಹಿಂದ ಕೂತ ಹಿರಿಯರು ಕಿವಿ ಮುಚ್ಚಿಕೊಂಡ್ರು. ಹಾಡು ಮುಗಿದ ಮ್ಯಾಲೆ ಕಾಕಾ ಚಲೋ ಆತು ಅಂತಲೂ ಅನ್ಲಿಲ್ಲ, ಕೆಟ್ಟು ಆತು ಅಂತಲೂ ಅನ್ಲಿಲ್ಲ. ಆಂಪ್ ಹಿಂದ ಹೋಗಿ, ಕೈ ಹಚ್ಚಿ ಬಿಸಿ ಆಗೇತೇನು ನೋಡಿದ್ರು. ಆಮೇಲೆ ಅಂದ್ರು, "ಇನ್ನೊಂದು ಹಾಡು ಬಾರ್ಸು."

ಇವತ್ತಿಗೆ ಇಷ್ಟೇರಿ. ನಿಮ್ಮ ಪೆಡಲ್ ಸೆಟ್ಟಿಂಗ್ ರೆಕಾರ್ಡ್ ಮಾಡಿ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣು. ಬ್ಯಾರೆಯವರ ಆಂಪ್ ತಂದಿದ್ರ ಮಾತ್ರ ಮೊದಲು ವಾಲ್ಯೂಮ್ ಇಳಿಸ್ರಿ. ಶರಣ್ರಿ.