ಉಪಗ್ರಹದ ಚಿತ್ರಗಳಲ್ಲಿ ನಮ್ಮ ಕೆರೆಗಳು

(ಕೆರೆ ಅಚ್ಚುಕಟ್ಟು ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ವರ್ಷ ಕೆರೆಗೆ ನೀರೆಷ್ಟು ಬಂದಿದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೂಬಿನ ಕಲ್ಲಿಗೆ ನೀರು ಎಲ್ಲಿಯವರೆಗೆ ನಿಂತಿದೆ ಎಂದು ನೋಡಿಯೇ ಭತ್ತ ನಾಟಿ ಮಾಡಬಹುದೇ, ರಾಗಿಗೆ ತೃಪ್ತಿಪಡಬೇಕೇ ಎಂದು ನಿರ್ಧರಿಸುವ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ. ಆದರೆ ಮೂವತ್ತು ನಲವತ್ತು ವರ್ಷಗಳಲ್ಲಿ ನಿಮ್ಮ ಕೆರೆ ಹೇಗೆ ಬದಲಾಯಿತು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಮಳೆ ಕಡಿಮೆಯಾಯಿತು ಎನ್ನುವವರುಂಟು, ಹೂಳು ತುಂಬಿತು ಎನ್ನುವವರುಂಟು, ಮೇಲಿನವರು ಒತ್ತುವರಿ ಮಾಡಿದರು ಎಂದು ಜಗಳಕ್ಕೆ ನಿಲ್ಲುವವರೂ ಉಂಟು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ. ಇಷ್ಟು ಕೆರೆಗಳ ಹಳೆಯ ಸ್ಥಿತಿಯನ್ನು ಯಾರೂ ಪುಸ್ತಕದಲ್ಲಿ ಬರೆದಿಟ್ಟಿಲ್ಲ. ಬರೆದಿಟ್ಟಿರುವುದು ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಮಾತ್ರ. ಆ ಬರಹವನ್ನು ಓದುವುದು ಹೇಗೆ, ಓದುವಾಗ ಎಲ್ಲಿ ಎಡವುತ್ತೇವೆ ಎಂಬುದನ್ನು ಇಂದು ಹೇಳಲು ಪ್ರಯತ್ನಿಸುತ್ತೇನೆ.

ಅಮೆರಿಕದ ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ. ನಮ್ಮ ದೇಶದ ಐ.ಆರ್.ಎಸ್.-1ಎ ಹಾರಿದ್ದು 1988ರ ಮಾರ್ಚಿನಲ್ಲಿ. ಉಪಗ್ರಹದ ಚಿತ್ರವೆಂದರೆ ಚೌಕಗಳ ಒಂದು ಜಮಖಾನೆ ಎಂದು ತಿಳಿಯಿರಿ. ಪ್ರತಿ ಚೌಕಕ್ಕೂ ಒಂದೇ ಬಣ್ಣ. 1972ರ ಚಿತ್ರದಲ್ಲಿ ಒಂದು ಚೌಕದ ಬದಿ ಸುಮಾರು 80 ಮೀಟರು, ಅಂದರೆ ಒಂದೂವರೆ ಎಕರೆಗೂ ಮಿಗಿಲು. 1980ರ ದಶಕದಿಂದೀಚೆಗಿನ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಅದು 30 ಮೀಟರು, ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ. 2015ರಲ್ಲಿ ಹಾರಿದ ಯೂರೋಪಿನ ಸೆಂಟಿನೆಲ್-2 ಚಿತ್ರದಲ್ಲಿ 10 ಮೀಟರು. ಆ ಚೌಕ ನಮಗೆ ಬಹಳ ಅನುಕೂಲ, ಏಕೆಂದರೆ ಅದು ಹೆಚ್ಚುಕಡಿಮೆ ಒಂದು ಗುಂಟೆ. ಚೌಕ ಎಣಿಸಿದರೆ ಗುಂಟೆ ಎಣಿಸಿದಂತೆಯೇ.

ಸಣ್ಣ ಕೆರೆಗಳಲ್ಲಿ ಒಂದು ತೊಡಕಿದೆ. ಹತ್ತು ಎಕರೆಯ ಕಟ್ಟೆಯೊಂದು 30 ಮೀಟರಿನ ಚಿತ್ರದಲ್ಲಿ ಸುಮಾರು 45 ಚೌಕಗಳಾಗಿ ಕಾಣುತ್ತದೆ. ಅದರಲ್ಲಿ ಅರ್ಧದಷ್ಟು ಚೌಕಗಳು ದಡದವು, ಒಂದಿಷ್ಟು ನೀರು, ಒಂದಿಷ್ಟು ನೆಲ. ಇವನ್ನು ಯಾವ ಕಡೆಗೆ ಸೇರಿಸುತ್ತೀರೋ ಅದರ ಮೇಲೆ ಲೆಕ್ಕ ಏರುಪೇರಾಗುತ್ತದೆ. ಆದ್ದರಿಂದ ಚಿಕ್ಕ ಕಟ್ಟೆಗಳ ವಿಷಯದಲ್ಲಿ ಹಳೆಯ ಚಿತ್ರ ತೋರಿಸಿ "ಎರಡು ಎಕರೆ ಹೋಯಿತು" ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ದೊಡ್ಡ ಕೆರೆಗಳಿಗೆ ಈ ಭಯ ಕಡಿಮೆ.

ಇನ್ನು ನೀರನ್ನು ಗುರುತಿಸುವ ಬಗೆ. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿವೆ. ಹಸಿರೆಲೆ ಇವನ್ನು ಹೇರಳವಾಗಿ ಹಿಂದಕ್ಕೆ ಕಳುಹಿಸುತ್ತದೆ, ನೀರು ನುಂಗಿಬಿಡುತ್ತದೆ. ಹೀಗಾಗಿ ಬಣ್ಣ ಬದಲಿಸಿ ಮುದ್ರಿಸಿದ ಚಿತ್ರದಲ್ಲಿ ಬೆಳೆ ಕೆಂಪಾಗಿಯೂ ತಿಳಿನೀರು ಕಪ್ಪಾಗಿಯೂ ಕಾಣುತ್ತದೆ. ಹೊಸ ಮಳೆಯ ಕೆನ್ನೀರಾದರೆ ತಿಳಿನೀಲಿ. ಇದಿಷ್ಟು ಗೊತ್ತಿದ್ದರೆ ಸಾಕು ಎಂದು ನಾನೂ ಒಮ್ಮೆ ತಿಳಿದಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ಕೆರೆಯ ಎರಡು ಚಿತ್ರಗಳನ್ನು ಹಿಡಿದುಕೊಂಡು ಗ್ರಾಮಸಭೆಗೆ ಹೋಗಿದ್ದೆ. ಒಂದು ಹಳೆಯದು, ಒಂದು ಹೊಸದು. ಹೊಸದರಲ್ಲಿ ಕೆರೆಯ ಹಿಂಬದಿ, ಹಳ್ಳ ಬಂದು ಸೇರುವ ಕಡೆ, ದೊಡ್ಡದೊಂದು ಭಾಗ ಬೆಳೆಯಂತೆ ಕೆಂಪಾಗಿತ್ತು. "ಕೆರೆಯ ಮೂರನೆಯ ಒಂದು ಭಾಗ ಸಾಗುವಳಿಯಾಗಿದೆ" ಎಂದುಬಿಟ್ಟೆ. ಸಭೆಯಲ್ಲಿದ್ದವರೆಲ್ಲ ತಿರುಗಿ, ಆ ಕಡೆ ಜಮೀನಿದ್ದ ಒಂದು ಮನೆಯವರ ಮುಖ ನೋಡಿದರು. ಆ ಮನೆಯ ಯಜಮಾನರು ಒಂದು ಮಾತೂ ಆಡದೆ ಎದ್ದು ಹೋದರು. ಸಭೆ ಮುಗಿದ ಮೇಲೆ ಊರಿನ ನೀರಗಂಟಿ ನನ್ನ ಬಳಿ ಬಂದು, "ಸ್ವಾಮಿ, ಪಂಚೆ ಎತ್ತಿ ಕಟ್ಟಿಕೊಂಡು ಬನ್ನಿ" ಎಂದು ಕರೆದುಕೊಂಡು ಹೋದರು. ಅಲ್ಲಿ ಮೊಣಕಾಲು ಮಟ್ಟ ನೀರು! ಅದರ ಮೇಲೆ ಆಳೆತ್ತರ ಜೊಂಡು. ನಾನು ಬೆಳೆ ಎಂದದ್ದು ಜೊಂಡನ್ನು. ಹಳ್ಳದ ನೀರು ಕೆರೆ ಸೇರುವಲ್ಲಿ ವೇಗ ಕಳೆದುಕೊಂಡು ಹೊತ್ತು ತಂದ ಮರಳು ಮಣ್ಣನ್ನು ಅಲ್ಲಿಯೇ ಇಳಿಸಿತ್ತು. ನೀರು ತೆಳುವಾದ ಕಡೆ ಜೊಂಡು ಬೇರೂರಿತ್ತು. ಒತ್ತುವರಿ ಮಾಡಿದ್ದು ಹೂಳೇ ಹೊರತು ಆ ಮನೆಯವರಲ್ಲ. ಮರುದಿನವೇ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳಿದೆ. ಆದರೂ ಒಮ್ಮೆ ಆಡಿದ ಮಾತು ಊರಿನಿಂದ ಪೂರ್ತಿ ಹೋಗಲು ಬಹಳ ಕಾಲ ಹಿಡಿಯಿತು.

ಈ ತಪ್ಪು ನನ್ನೊಬ್ಬನದೇ ಅಲ್ಲ ಎಂಬುದು ಸಮಾಧಾನವೇನಲ್ಲ, ಆದರೆ ತಿಳಿದಿರಬೇಕಾದ ಸಂಗತಿ. ಪ್ರಪಂಚದಲ್ಲಿ ಉಪಗ್ರಹ ಚಿತ್ರದಿಂದಲೇ ಹೆಸರಾದ ಸಿಹಿನೀರಿನ ಸರೋವರವೆಂದರೆ ಆಫ್ರಿಕದ ಚಾಡ್ ಸರೋವರ. ಚಾಡ್, ನೈಜರ್, ನೈಜೀರಿಯ, ಕ್ಯಾಮರೂನ್ ಈ ನಾಲ್ಕು ದೇಶಗಳ ನಡುವೆ ಹರಡಿರುವ ಇದು 1963ರ ಸುಮಾರಿನಲ್ಲಿ 25,000 ಚದರ ಕಿಲೋಮೀಟರು ಇತ್ತು. ನಮ್ಮ ತುಮಕೂರು ಜಿಲ್ಲೆಯ ಎರಡರಷ್ಟಕ್ಕೂ ಹೆಚ್ಚು! ಆದರೆ ಆಳ ಮಾತ್ರ ನಮ್ಮ ಕೆರೆಗಳಂತೆ ಕೆಲವೇ ಮೀಟರು. 1970 ಮತ್ತು 80ರ ದಶಕಗಳ ಬರಗಳಲ್ಲಿ ಬಯಲು ನೀರಿನ ವಿಸ್ತಾರ ಹತ್ತನೆಯ ಒಂದು ಭಾಗಕ್ಕೆ ಇಳಿಯಿತು. ಆಗಿನಿಂದ 1963ರ ಚಿತ್ರವನ್ನೂ ಹೊಸದೊಂದು ಚಿತ್ರವನ್ನೂ ಪಕ್ಕ ಪಕ್ಕ ಇಟ್ಟು, ಸರೋವರ ಇಂದಿಗೂ ಬತ್ತುತ್ತಲೇ ಇದೆ ಎಂದು ಹೇಳುವುದು ರೂಢಿಯಾಗಿಬಿಟ್ಟಿತು. ವರ್ಷ ವರ್ಷದ ಚಿತ್ರಗಳನ್ನು ಸಾಲಾಗಿ ಜೋಡಿಸಿದವರಿಗೆ ಬೇರೆಯೇ ಕಂಡಿತು. ಕುಸಿತವೆಲ್ಲ ಮುಖ್ಯವಾಗಿ ಆ ಎರಡು ದಶಕಗಳದು. 1990ರ ದಶಕದಿಂದೀಚೆಗೆ ಸರೋವರ ಒಂದಿಷ್ಟು ಚೇತರಿಸಿಕೊಂಡಿದೆ, ಹಳೆಯ ವಿಸ್ತಾರಕ್ಕೆ ಮಾತ್ರ ಮರಳಿಲ್ಲ. ಅದರ ನೀರಿನಲ್ಲಿ ಬಹುಪಾಲು ಜೊಂಡು ಗಿಡಗಳ ಕೆಳಗಿರುವುದರಿಂದ ಸಾಮಾನ್ಯ ಚಿತ್ರದಲ್ಲಿ ಕಾಣುವುದೇ ಇಲ್ಲ. ನೀರು ಹಿಂದೆ ಸರಿದ ನೆಲದಲ್ಲಿ ಅಲ್ಲಿನ ರೈತರು ಮುಸುಕಿನ ಜೋಳ, ಅಲಸಂದೆ ಬೆಳೆದು ಜೀವನ ಮಾಡುತ್ತಾರೆ. ಸರೋವರ ಸತ್ತಿತೆಂದು ತಿಳಿದು ಯೋಜನೆ ಹಾಕುವುದಕ್ಕೂ ಏರಿಳಿಯುತ್ತದೆಂದು ತಿಳಿದು ಹಾಕುವುದಕ್ಕೂ ಆ ರೈತರ ಮಟ್ಟಿಗೆ ಎಷ್ಟು ವ್ಯತ್ಯಾಸವೆಂದು ನೀವೇ ಊಹಿಸಿ.

ಈಗ ನಮ್ಮ ಕೆರೆಗೆ ಬರೋಣ. ಮೊದಲನೆಯದಾಗಿ, ಹೋಲಿಸುವ ಚಿತ್ರಗಳೆಲ್ಲ ಒಂದೇ ಕಾಲದವಾಗಿರಬೇಕು. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ. ನಮ್ಮ ಬಯಲುಸೀಮೆಯ ಕೆರೆಗಳಿಗೆ ಹಿಂಗಾರು ಮುಗಿದ ಮೇಲೆ, ಸಂಕ್ರಾಂತಿಯ ಸುಮಾರಿನ ತಿಳಿ ಆಕಾಶದ ಚಿತ್ರ ಅತ್ಯುತ್ತಮ. ಒಂದು ವರ್ಷದ ಜನವರಿಯನ್ನು ಇನ್ನೊಂದು ವರ್ಷದ ಮೇ ತಿಂಗಳಿಗೆ ಹೋಲಿಸಿ ಕೆರೆ ಬತ್ತಿತೆಂದು ಕೂಗುವುದು ಸಲ್ಲದು. (2003ರ ಮೇ ಕೊನೆಯಲ್ಲಿ ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ ಕೆಟ್ಟಿತು. ಅಲ್ಲಿಂದ ಅದರ ಚಿತ್ರಗಳಲ್ಲಿ ಓರೆ ಪಟ್ಟೆಗಳಿವೆ. ಕೆರೆಯಂಗಳದಲ್ಲಿ ಯಾರೋ ಬದು ಹಾಕಿದ್ದಾರೆಂದು ದೂರು ಕೊಡಬೇಡಿ.)

ಆದರೆ ಜನವರಿಯ ಚಿತ್ರವೊಂದೇ ಸಾಲದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಪಗ್ರಹದ ಚಿತ್ರ ನೀರಿನ ಮುಖವನ್ನು ತೋರಿಸುತ್ತದೆ, ಹೊಟ್ಟೆಯನ್ನಲ್ಲ. ಕೆರೆಯ ತಳದಲ್ಲಿ ನಾಲ್ಕು ಅಡಿ ಹೂಳು ತುಂಬಿದರೂ ಕೋಡಿಯ ಮಟ್ಟ ಬದಲಾಗುವುದಿಲ್ಲ. ಒಳ್ಳೆಯ ಮಳೆ ಬಂದರೆ ನೀರು ಮೊದಲಿನಷ್ಟೇ ಅಗಲಕ್ಕೆ ಹರಡುತ್ತದೆ, ಚಿತ್ರದಲ್ಲಿ ಕೆರೆ ತುಂಬಿ ತುಳುಕುತ್ತದೆ. ಅದನ್ನು ನಂಬಿ ಬೇಸಿಗೆ ಭತ್ತಕ್ಕೆ ಸಾಲ ಮಾಡಿದವರಿಗೆ ತೆನೆ ಹೊರಡುವ ಹೊತ್ತಿಗೆ ತೂಬಿನಲ್ಲಿ ನೀರಿರುವುದಿಲ್ಲ. ಆದ್ದರಿಂದ ನಾನು ಈಗ ಕೆರೆ ಎಷ್ಟು ಅಗಲ ತುಂಬಿತು ಎಂಬುದರ ಜೊತೆಗೆ ಯಾವ ತಿಂಗಳು ಒಣಗಿತು ಎಂಬುದನ್ನೂ ಬರೆದುಕೊಳ್ಳುತ್ತೇನೆ. ಜನವರಿಯಿಂದ ಮೇವರೆಗೆ ಪ್ರತಿ ತಿಂಗಳ ಒಂದೊಂದು ಚಿತ್ರ, ಹೀಗೆ ಹತ್ತಿಪ್ಪತ್ತು ವರ್ಷ. ತುಂಬಿದ ಅಗಲ ಅಷ್ಟೇ ಇದ್ದು, ಮೊದಲು ಏಪ್ರಿಲ್‌ವರೆಗೆ ನಿಲ್ಲುತ್ತಿದ್ದ ನೀರು ಈಗ ಫೆಬ್ರವರಿಗೇ ಹೋಗುತ್ತಿದ್ದರೆ ಹೂಳಿನ ಮೇಲೆ ಸಂಶಯಪಡಬಹುದು. ಸಂಶಯ ಮಾತ್ರ. ಸುತ್ತ ಕೊಳವೆ ಬಾವಿಗಳು ಹೆಚ್ಚಿ ಅಂತರ್ಜಲ ಕೆಳಗಿಳಿದಿದ್ದರೂ ಕೆರೆ ಬೇಗ ಇಂಗುತ್ತದೆ. ತೂಬು ಸೋರುತ್ತಿದ್ದರೂ ಹಾಗೆಯೇ. ಹೂಳೆತ್ತಲು ಹಣ ಹಾಕುವ ಮೊದಲು ಕೆರೆಯಂಗಳದಲ್ಲಿ ನಾಲ್ಕಾರು ಗುಂಡಿ ತೋಡಿಸಿ ನೋಡುವುದು ಖರ್ಚಿನ ಕೆಲಸವಲ್ಲ.

ನಿಮ್ಮ ಕೆರೆಯ ಪಕ್ಕಕ್ಕೆ ನೆರೆಯ ಕೆರೆಗಳನ್ನೂ ಇಟ್ಟು ನೋಡಿ. ಒಂದೇ ವರ್ಷ ಎಲ್ಲವೂ ಬತ್ತಿದ್ದರೆ ಅದು ಮಳೆಯ ದೋಷ. ಸರಣಿಯಲ್ಲಿ ಮೇಲಿನ ಕೆರೆ ತುಂಬಿದ್ದು ನಿಮ್ಮದು ಮಾತ್ರ ವರ್ಷ ವರ್ಷವೂ ಖಾಲಿ ಇದ್ದರೆ ನಡುವಣ ಕಾಲುವೆಯ ಉದ್ದಕ್ಕೂ ನಡೆದು ನೋಡಿ. ಜಾಲಿ ಬೆಳೆದಿರುವುದೋ, ಯಾರೋ ಮಣ್ಣು ಹಾಕಿರುವುದೋ ಅಲ್ಲಿ ಸಿಗುತ್ತದೆ. ಇದಕ್ಕೆ ವಿರುದ್ಧವಾದದ್ದೂ ಉಂಟು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಆ ನೀರು ಬಂದ ಕೆರೆಗಳು ಅಲ್ಲಿಂದೀಚಿನ ಚಿತ್ರಗಳಲ್ಲಿ ಬೇಸಿಗೆಯಲ್ಲಿಯೂ ಕಪ್ಪಾಗಿ ಕಾಣುತ್ತವೆ. ಅದನ್ನು ಮಳೆಯ ಲೆಕ್ಕಕ್ಕೆ ಸೇರಿಸಬಾರದು. ಆ ನೀರಿನ ಗುಣ ಎಂಥದೆಂದು ಚಿತ್ರ ನೋಡಿ ಹೇಳಲೂ ಬಾರದು, ಅದಕ್ಕೆ ಸೀಸೆಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೇ ಕಳುಹಿಸಬೇಕು.

ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ. ಇಸ್ರೋದ ಭುವನ್ ತಾಣದಲ್ಲಿ ನಮ್ಮ ಉಪಗ್ರಹಗಳ ಚಿತ್ರಗಳಿವೆ. ಕೈಯಲ್ಲಿ ಫೋನಿರುವ ನಿಮ್ಮ ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಚಿತ್ರ ನೋಡುವಾಗ ನೀರಗಂಟಿಯೊಬ್ಬರು ಪಕ್ಕದಲ್ಲಿರಲಿ.

ಹೊರಗೆ ಮೇಜಿನ ಮೇಲೆ ಚೀಟಿಗಳನ್ನು ಇಟ್ಟಿದ್ದೇವೆ. ನಿಮ್ಮ ಊರು, ಹೋಬಳಿ, ಕೆರೆಯ ಹೆಸರು, ಯಾವ ಯಾವ ವರ್ಷ ಕೋಡಿ ಹರಿದದ್ದು ನೆನಪಿದೆ ಎಂಬುದನ್ನು ಬರೆದು ಕೊಡಿ. ಊಟದ ನಂತರ ಒಂದೊಂದಾಗಿ ಪರದೆಯ ಮೇಲೆ ತೆಗೆದು ನೋಡೋಣ.