ಎಳೆಯ ಕುದುರೆಯ ಮೂಗಿನಲ್ಲಿ ರಕ್ತ: ಗಾಬರಿಯೂ ಬೇಡ, ಉದಾಸೀನವೂ ಬೇಡ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಪಶು ಆರೋಗ್ಯ ಶಿಬಿರದಲ್ಲಿ ಪಶುವೈದ್ಯರ ಪರವಾಗಿ ಮಾಡಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಹಸುವಿನ ವಿಚಾರ ಬಿಟ್ಟು ಕುದುರೆ ವಿಚಾರ ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಕುಣಿಗಲ್ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ತಲೆತಲಾಂತರದಿಂದ ಕುದುರೆ ಸಾಕಣೆಗೆ ಹೆಸರಾದ ನೆಲ. ಈ ಕಡೆಯವರು ಲಾಯಗಳಲ್ಲಿ ದುಡಿದಿದ್ದಾರೆ, ಮೆರವಣಿಗೆಗೆ, ಜಟಕಾಕ್ಕೆ ಕುದುರೆ ಕಟ್ಟಿದ್ದಾರೆ. ಇವರೆಲ್ಲ ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಮರಿ ಚೆನ್ನಾಗಿ ಮೇಯ್ತದೆ, ಜ್ವರ ಇಲ್ಲ, ಏಟು ಬಿದ್ದಿಲ್ಲ. ಮೂಗಲ್ಲಿ ರಕ್ತ ಯಾಕೆ ಬಂತು?"

ಇದಕ್ಕೆ ಊರಿನಲ್ಲಿ ಸಿಗುವ ಉತ್ತರವೂ ಒಂದೇ: "ಉಷ್ಣ ಆಗಿದೆ." ಮಜ್ಜಿಗೆ ಕುಡಿಸಿ, ತಲೆಗೆ ನೀರು ಹಾಕಿ ಕಟ್ಟಿದರೆ ರಕ್ತ ತಾನಾಗಿ ನಿಲ್ಲುತ್ತದೆ, ವಾರ ಬಿಟ್ಟು ಮತ್ತೆ ಓಡಿಸುತ್ತಾರೆ. ಉಷ್ಣ ಅಂದುಬಿಟ್ಟರೆ ವಿಚಾರಣೆ ಅಲ್ಲಿಗೇ ಮುಗಿದುಹೋಗುತ್ತದೆ. ನಾವು ಹೇಳುವುದು ಇಷ್ಟೆ: ರಕ್ತ ನಿಂತಿತೇ ಅಂತ ನೋಡಿದರೆ ಸಾಲದು. ಎಲ್ಲಿಂದ ಬಂತು, ಏನು ಮಾಡುತ್ತಿದ್ದಾಗ ಬಂತು ಅಂತ ಕೇಳಬೇಕು.

ಓಡಿ ಬಂದ ಮೇಲೆ ಬರುವ ರಕ್ತ

ಎರಡೂವರೆ ವರ್ಷದ ಒಂದು ಕುದುರೆ ಅಂತ ಇಟ್ಟುಕೊಳ್ಳಿ. ಜೋರಾಗಿ ಓಡಿ ಬಂದು ತಲೆ ತಗ್ಗಿಸಿತು. ಎರಡೂ ಹೊಳ್ಳೆಯಿಂದ ರಕ್ತ ಇಳಿಯಿತು. ಇದು ಹೆಚ್ಚಿನ ಪಾಲು ಮೂಗಿನ ರಕ್ತವಲ್ಲ, ಶ್ವಾಸಕೋಶದ ರಕ್ತ.

ಕುದುರೆಯ ಹೃದಯ ಸುಮ್ಮನಿರುವಾಗ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ 200 ದಾಟುತ್ತದೆ. ಆಗ ಶ್ವಾಸಕೋಶದ ರಕ್ತನಾಳಗಳ ಒತ್ತಡ ಮೂರು ನಾಲ್ಕು ಪಟ್ಟು ಏರುತ್ತದೆ. ಅಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಇರುವ ಪೊರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ಒಳಗಡೆ ರಕ್ತದ ಒತ್ತಡ, ಹೊರಗಡೆ ಉಸಿರಿನ ಸೆಳೆತ, ಎರಡರ ನಡುವೆ ಆ ಪೊರೆ ಹರಿಯುತ್ತದೆ. 1990ರ ದಶಕದ ಮೊದಲಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ವೆಸ್ಟ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಓಟದ ಕುದುರೆಗಳ ಲೋಮನಾಳ ಹೀಗೆ ಒಡೆದಿರುವುದನ್ನು ತೋರಿಸಿಕೊಟ್ಟರು.

ಇನ್ನೊಂದು ಮಾತು. ರಕ್ತ ಮೂಗಿಗೆ ಬಂದರಷ್ಟೇ ರಕ್ತಸ್ರಾವ ಅಂತ ತಿಳಿಯಬಾರದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 700ಕ್ಕೂ ಹೆಚ್ಚು ಓಟದ ಕುದುರೆಗಳ ಶ್ವಾಸನಾಳವನ್ನು ಓಟವಾದ ಮೇಲೆ ಎಂಡೋಸ್ಕೋಪ್ ಇಳಿಸಿ ನೋಡಿದರು. 2005ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕುದುರೆಗಳಲ್ಲಿ ರಕ್ತ ಇತ್ತು. ಹೊರಗೆ ಹೊಳ್ಳೆಯಲ್ಲಿ ಕಾಣುವುದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. ಆದ್ದರಿಂದ ಓಟ ಮುಗಿದ ಮೇಲೆ ಪದೇ ಪದೇ ಗುಟುಕರಿಸುವುದು, ಕೆಮ್ಮುವುದು, ಮೊದಲಿನಷ್ಟು ದಮ್ಮು ಇಲ್ಲದಿರುವುದು, ಇವನ್ನೂ ಗಮನಿಸಬೇಕು. ಎಂಡೋಸ್ಕೋಪ್ ಪರೀಕ್ಷೆ ಓಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಆದರೆ ಒಳ್ಳೆಯದು.

ನಿಂತಲ್ಲೇ ಬರುವ ರಕ್ತ

ಲಾಯದಲ್ಲಿ ಸುಮ್ಮನೆ ನಿಂತ ಕುದುರೆಗೆ ರಕ್ತ ಬಂದರೆ ಅದರ ದಾರಿಯೇ ಬೇರೆ. ಕುದುರೆಗೆ ಗಂಟಲಿನ ಎರಡೂ ಪಕ್ಕ ಒಂದೊಂದು ಗಾಳಿಚೀಲ ಇರುತ್ತದೆ. ನಿಮ್ಮ ಹಸು ಎಮ್ಮೆಗೆ ಇದು ಇಲ್ಲ. ಈ ಚೀಲದ ಗೋಡೆಯಲ್ಲೇ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಬೂಷ್ಟು ಬೆಳೆದು ನಾಳವನ್ನು ತಿಂದರೆ ಮೊದಲು ಒಂದು ಹೊಳ್ಳೆಯಲ್ಲಿ ಸ್ವಲ್ಪ ರಕ್ತ ಬಂದು ನಿಲ್ಲುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆ. ಆಮೇಲೆ ಒಂದು ದಿನ ಬಕೆಟ್ಟುಗಟ್ಟಲೆ ಸುರಿದು ಕುದುರೆ ಉಳಿಯುವುದಿಲ್ಲ. ಮೊದಲ ಸಣ್ಣ ರಕ್ತವೇ ಎಚ್ಚರಿಕೆಯ ಗಂಟೆ. ನುಂಗಲು ಕಷ್ಟ, ತಿಂದ ಮೇವು ಮೂಗಿನಲ್ಲಿ ಬರುವುದು, ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು ಜೊತೆಗಿದ್ದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ತಿಳಿಸಬೇಕು. ಸಕಾಲದಲ್ಲಿ ಆ ನಾಳವನ್ನು ಮುಚ್ಚುವ ಶಸ್ತ್ರಚಿಕಿತ್ಸೆ ಇದೆ.

ಬೇರೆ ಕಾರಣಗಳೂ ಉಂಟು. ಕೆರೆಕಟ್ಟೆಯಲ್ಲಿ ನೀರು ಕುಡಿದಾಗ ಮೂಗಿಗೆ ಜಿಗಣೆ ಸೇರಬಹುದು. ಕೊಳಕುಮಂಡಲ ಕಚ್ಚಿದ್ದರೆ, ಇಲಿ ಪಾಷಾಣ ಬೆರೆತ ದಾಣಿ ತಿಂದಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಆಗ ಒಸಡಿನಲ್ಲಿ, ಗಂಜಲದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲೂ ರಕ್ತ ಕಾಣುತ್ತದೆ. ರಕ್ತದ ಜೊತೆಗೆ ಅಂಟು ಸಿಂಬಳ, ಜ್ವರ, ಮೈಮೇಲೆ ಗಂಟು ಹುಣ್ಣು ಇದ್ದರೆ ಗ್ಲ್ಯಾಂಡರ್ಸ್ ಇರಬಹುದು. ಇದು ಮನುಷ್ಯರಿಗೂ ಅಂಟುವ ರೋಗ. ಅನುಮಾನ ಬಂದ ಕೂಡಲೇ ಕುದುರೆಯನ್ನು ಬೇರೆ ಕಟ್ಟಿ, ಸರ್ಕಾರಿ ಪಶುವೈದ್ಯರಿಗೆ ತಿಳಿಸಲೇಬೇಕು. ಮುಚ್ಚಿಡುವುದು ಮನೆಮಂದಿಗೇ ಅಪಾಯ.

ರಕ್ತ ಬಂದಾಗ ಏನು ಮಾಡಬೇಕು

ಕುದುರೆ ಬಾಯಿಯಿಂದ ಉಸಿರಾಡಲಾರದು. ಆದ್ದರಿಂದ ಎರಡೂ ಹೊಳ್ಳೆಗೆ ಬಟ್ಟೆ ತುರುಕಲೇಬೇಡಿ. ತಲೆ ಎತ್ತಿ ಕಟ್ಟಬೇಡಿ, ರಕ್ತ ಒಳಗಿಳಿಯುತ್ತದೆ. ಗೊಟ್ಟದಲ್ಲಿ ಮಜ್ಜಿಗೆ, ಎಣ್ಣೆ, ಕಷಾಯ ಯಾವುದನ್ನೂ ಹಾಕಬೇಡಿ, ಅದು ಶ್ವಾಸಕೋಶ ಸೇರಿದರೆ ಇನ್ನೊಂದು ಕಾಯಿಲೆ. ಲಗಾಮು, ಜೀನು ತೆಗೆದು ನೆರಳಲ್ಲಿ ಸದ್ದಿಲ್ಲದೆ ನಿಲ್ಲಿಸಿ. ತಲೆ ಅದರಿಷ್ಟದಂತೆ ಇರಲಿ. ಮೂಗಿನ ದಿಂಡಿನ ಮೇಲೆ ತಣ್ಣೀರು ಬಟ್ಟೆ ಇಡಬಹುದು. 1962ಕ್ಕೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ.

450 ಕಿಲೋ ತೂಕದ ಕುದುರೆಯಲ್ಲಿ ಸುಮಾರು 35 ಲೀಟರ್ ರಕ್ತ ಇರುತ್ತದೆ. ನೆಲಕ್ಕೆ ಬಿದ್ದ ಒಂದು ಚೊಂಬು ರಕ್ತ ನೋಡಲು ಭಯ ಹುಟ್ಟಿಸಿದರೂ ಅಷ್ಟರಿಂದ ಪ್ರಾಣ ಹೋಗುವುದಿಲ್ಲ. ಆದರೆ ಒಸಡು ಬಿಳಿಚಿಕೊಂಡರೆ, ಮೈ ತಣ್ಣಗಾಗಿ ಬೆವರಿದರೆ, ನಡುಗಿ ತೂರಾಡಿದರೆ ಒಂದು ಗಳಿಗೆಯೂ ತಡಮಾಡುವಂತಿಲ್ಲ.

ಒಂದು ನೋಟುಪುಸ್ತಕ ಇಡಿ. ಒಂದು ಹೊಳ್ಳೆಯೋ ಎರಡೋ, ನೊರೆ ಇತ್ತೋ ಇಲ್ಲವೋ, ವಾಸನೆ ಇತ್ತೋ, ಎಷ್ಟು ಹೊತ್ತು ಬಂತು, ಹಿಂದಿನ ದಿನ ಎಷ್ಟು ಓಡಿತ್ತು, ಯಾವ ಇಂಜೆಕ್ಷನ್ ಆಗಿತ್ತು, ಎಲ್ಲಾ ಬರೆಯಿರಿ. ಹಾಲಿನ ಲೆಕ್ಕ ತಪ್ಪದೆ ಬರೆಯುವ ನಿಮಗೆ ಇದೇನೂ ಕಷ್ಟವಲ್ಲ. ಆ ಎರಡು ಪುಟ ನಮಗೆ ಅರ್ಧ ಪರೀಕ್ಷೆ ಇದ್ದಹಾಗೆ.

ಕಾರಣ ಸಿಗದಿದ್ದರೆ

ಎಷ್ಟೋ ಸಲ ಎಲ್ಲಾ ಪರೀಕ್ಷೆ ಮಾಡಿದರೂ ಕಾರಣ ಇಂಥದ್ದೇ ಅಂತ ಹೇಳಲಾಗುವುದಿಲ್ಲ. ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಮೊದಲನೆಯದು ವಿಶ್ರಾಂತಿ. ಶ್ವಾಸಕೋಶದಲ್ಲಿ ಉಳಿದ ರಕ್ತ ಆರಲು ವಾರಗಟ್ಟಲೆ ಹಿಡಿಯುತ್ತದೆ. ಎರಡನೆಯದು ಗಾಳಿ. ಎಳೆಯ ಕುದುರೆಯ ಶ್ವಾಸನಾಳ ದೂಳಿಗೆ ಬೇಗ ಉರಿಯುತ್ತದೆ, ಉರಿದ ಶ್ವಾಸಕೋಶ ಸುಲಭವಾಗಿ ರಕ್ತ ಬಿಡುತ್ತದೆ. ಬೂಷ್ಟು ಹಿಡಿದ ರಾಗಿ ಹುಲ್ಲು ಬೇಡ. ಒಳ್ಳೆಯ ಹುಲ್ಲನ್ನೂ ನೀರಲ್ಲಿ ನೆನೆಸಿ ಹಾಕಿ. ಗೊಂತನ್ನು ಎತ್ತರದಲ್ಲಿ ಕಟ್ಟದೆ ನೆಲಮಟ್ಟದಲ್ಲಿ ಮೇಯಿಸಿದರೆ ತಲೆ ತಗ್ಗಿ ಕಫ ಇಳಿಯುತ್ತದೆ. ಕುದುರೆ ಒಳಗಿದ್ದಾಗ ಲಾಯ ಗುಡಿಸಬೇಡಿ. ಮೂರನೆಯದು, ಹೃದಯದ ಬಡಿತ, ಗಂಟಲಿನ ಗೊರಗೊರ ಸದ್ದು ಇವನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ. ಉಸಿರಿನ ದಾರಿ ಕಿರಿದಾದಷ್ಟೂ ಶ್ವಾಸಕೋಶದ ಮೇಲೆ ಎಳೆತ ಹೆಚ್ಚು.

ಔಷಧದ ವಿಚಾರ. ಫ್ಯೂರೊಸೆಮೈಡ್ ಎಂಬ ಮೂತ್ರ ಹೆಚ್ಚಿಸುವ ಇಂಜೆಕ್ಷನ್ ರಕ್ತಸ್ರಾವವನ್ನು ಕಡಿಮೆ ಮಾಡುತ್ತದೆಂದು ದಕ್ಷಿಣ ಆಫ್ರಿಕಾದಲ್ಲಿ 167 ಕುದುರೆಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದರೆ ಅದು ಕಾಯಿಲೆ ವಾಸಿಮಾಡುವುದಿಲ್ಲ, ಬಹಳ ದೇಶಗಳಲ್ಲಿ ಅದನ್ನು ಕೊಟ್ಟು ಓಡಿಸಲು ಬಿಡುವುದೂ ಇಲ್ಲ. ಅಂಗಡಿಯಲ್ಲಿ ಕೇಳಿ ವಿಟಮಿನ್ ಕೆ-3 ಇಂಜೆಕ್ಷನ್ ಚುಚ್ಚಿಸುವ ಅಭ್ಯಾಸವಂತೂ ಕೂಡದು. ಅದು ಕುದುರೆಯ ಮೂತ್ರಪಿಂಡವನ್ನೇ ಕೆಡಿಸುತ್ತದೆ.

ಮತ್ತೆ ಓಡಿಸಬೇಕೋ ಬೇಡವೋ

ಇದು ದುಡ್ಡಿನ ಪ್ರಶ್ನೆ, ನಮಗೂ ಗೊತ್ತು. ಸಾಲ ಮಾಡಿ ತಂದ ಮರಿ. ಆದರೆ ಓಡುತ್ತಿರುವಾಗಲೇ ರಕ್ತ ಕಟ್ಟಿ ಕುದುರೆ ಮುಗ್ಗರಿಸಿದರೆ ಮೇಲೆ ಕೂತ ಹುಡುಗನ ಕುತ್ತಿಗೆಯೂ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಎರಡೂ ಹೊಳ್ಳೆಯಲ್ಲಿ ರಕ್ತ ಬಂದ ಕುದುರೆಯನ್ನು ಮೂರು ತಿಂಗಳು ಪಂದ್ಯಕ್ಕೆ ಬಿಡುವುದಿಲ್ಲ, ಎರಡನೆಯ ಸಲ ಬಂದರೆ ಪಂದ್ಯ ಅಲ್ಲಿಗೆ ಮುಗಿಯಿತು. ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ.

ಓಟ ನಿಂತರೆ ಕುದುರೆಯ ಬಾಳು ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬಾರ್ಟ್ಲೆಟ್ಸ್ ಚೈಲ್ಡರ್ಸ್ ಎಂಬ ಕುದುರೆ ಇತ್ತು. ಮೂಗಿನಲ್ಲಿ ರಕ್ತ ಬರುತ್ತಿದ್ದುದರಿಂದ ಜನ ಅದನ್ನು ಬ್ಲೀಡಿಂಗ್ ಚೈಲ್ಡರ್ಸ್ ಎಂದೇ ಕರೆದರು. ಅದು ಪಂದ್ಯ ಓಡಲಿಲ್ಲ. ಆದರೆ 1764ರಲ್ಲಿ ಹುಟ್ಟಿದ, ಸೋಲನ್ನೇ ಕಾಣದ ಎಕ್ಲಿಪ್ಸ್ ಅದರ ಮರಿಮಗ. ಇಂದಿನ ಥರೋಬ್ರೆಡ್ ಕುದುರೆಗಳ ಬಹುಪಾಲು ಗಂಡು ವಂಶ ಎಕ್ಲಿಪ್ಸ್‌ನದ್ದೇ. ಇದರಲ್ಲಿ ಎರಡು ಪಾಠ ಇವೆ. ಓಡದ ಕುದುರೆಯೂ ಬೆಲೆಯುಳ್ಳದ್ದು. ಹಾಗೆಯೇ ಈ ಗುಣ ವಂಶದಲ್ಲಿ ಇಳಿಯಬಹುದಾದ್ದರಿಂದ ತಳಿಗೆ ಬಿಡುವಾಗ ಯೋಚಿಸಬೇಕು.

ಕೊನೆಯದಾಗಿ, ರಕ್ತ ಬಂದ ಕುದುರೆಯನ್ನು ಹೇಳದೆ ಮಾರಬೇಡಿ. ಸೊಸೈಟಿಗೆ ನೀರು ಬೆರೆಸಿದ ಹಾಲು ಹಾಕಬಾರದು ಎಂಬ ನೇಮದ ಮೇಲೆ ನಿಮ್ಮ ಸಂಘ ಇಪ್ಪತ್ತೈದು ವರ್ಷ ನಿಂತಿದೆ. ಕುದುರೆ ವ್ಯಾಪಾರಕ್ಕೂ ಅದೇ ನೇಮ ಇರಲಿ. ಹೊಸ ಯಜಮಾನನಿಗೆ ಆ ನೋಟುಪುಸ್ತಕವನ್ನೂ ಕೊಟ್ಟು ಕಳಿಸಿ. ಪ್ರಾಣಿಯೂ ಉಳಿಯುತ್ತದೆ, ಮಾತೂ ಉಳಿಯುತ್ತದೆ.