ಮಳೆಯ ಹೆಸರಿನ ಚುಕ್ಕೆಗಳು



ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಹೆಸರುಗಳನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಯಾವ ಮಳೆಗೆ ಏನು ಬಿತ್ತಬೇಕು ಅನ್ನೋದು ನಿಮಗೆ ಬಾಯಿಪಾಠ. ಆದರೆ ಆ ಚುಕ್ಕೆಗಳನ್ನ ಕಣ್ಣಾರೆ ಗುರುತಿಸುವವರು ನಿಮ್ಮ ಮನೆಯಲ್ಲಿ ಎಷ್ಟು ಮಂದಿ?

ರೋಹಿಣಿ ಮಳೆ ಸುರಿಯುವಾಗ ರೋಹಿಣಿ ಚುಕ್ಕೆ ಕಾಣದು. ಮೇ ತಿಂಗಳ ಕೊನೆಯ ಆ ದಿನಗಳಲ್ಲಿ ಸೂರ್ಯ ಅದರ ಜೊತೆಯಲ್ಲೇ ಇರುತ್ತಾನೆ. ಚುಕ್ಕೆಯೂ ಹಗಲಲ್ಲೇ ಹುಟ್ಟಿ ಮುಳುಗುತ್ತದೆ. ಅದನ್ನು ಚೆನ್ನಾಗಿ ನೋಡಲು ಆರು ತಿಂಗಳು ಕಾಯಬೇಕು.

ಡಿಸೆಂಬರ್ ನಡುವಿನಲ್ಲಿ ರಾತ್ರಿ ೮ ಗಂಟೆಗೆ ಪೂರ್ವಕ್ಕೆ ಮುಖಮಾಡಿ ನಿಲ್ಲಿ. ಮೇಲೆ ಸಣ್ಣ ಗೊಂಚಲಿನಂತೆ ಕಾಣುವುದು ಕೃತ್ತಿಕೆ. ಅದರ ಕೆಳಗೆ ಕೆಂಪು ರೋಹಿಣಿ. ಇನ್ನೂ ಕೆಳಗೆ ಒಂದರ ಕೆಳಗೊಂದು ಮೂರು ಚುಕ್ಕೆಗಳ ಸಾಲು. ಅದರ ಎಡಕ್ಕೆ ಕೆಂಪಗೆ ಹೊಳೆಯುವುದೇ ಆರಿದ್ರಾ.

ಚಂದ್ರನೂ ಇದೇ ದಾರಿಯವನು. ದಿನಕ್ಕೊಂದು ನಕ್ಷತ್ರದಂತೆ ಸುಮಾರು ೨೭ ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ. ಕಾರ್ತಿಕದ ಹುಣ್ಣಿಮೆಗೆ ಕೃತ್ತಿಕೆಯ ಆಸುಪಾಸಿನಲ್ಲಿರುತ್ತಾನೆ. ತಿಂಗಳಿಗೆ ಆ ಹೆಸರು ಬಂದದ್ದೂ ಅದರಿಂದಲೇ.

ಈಗ ಹಳ್ಳಿಯ ಬೀದಿಯಲ್ಲೂ ರಾತ್ರಿಯಿಡೀ ವಿದ್ಯುತ್ ದೀಪ ಉರಿಯುತ್ತದೆ. ಬೆಳಕು ಬೇಕು, ನಿಜ. ಆದರೆ ಆ ಬೆಳಕಿನಲ್ಲಿ ಸಣ್ಣ ಚುಕ್ಕೆಗಳು ಮರೆಯಾಗುತ್ತವೆ. ಮಕ್ಕಳಿಗೆ ಮಳೆಯ ಹೆಸರಷ್ಟೇ ಉಳಿದು, ಚುಕ್ಕೆ ಅಪರಿಚಿತವಾದೀತು.

ಆದ್ದರಿಂದ ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ ಅಂಗಳದ ದೀಪ ಆರಿಸಿ, ಚಾಪೆ ಹಾಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ೨೦ ನಿಮಿಷವಾದರೂ ಬೇಕು. ಆಮೇಲೆ ಅಜ್ಜ ಅಜ್ಜಿ ಮಳೆಯ ಲೆಕ್ಕ ಹೇಳಲಿ, ಮೊಮ್ಮಕ್ಕಳು ಚುಕ್ಕೆ ಹುಡುಕಲಿ. ಈ ಸಂತೋಷಕ್ಕೆ ಕಾಸೂ ಬೇಡ, ದುರ್ಬೀನೂ ಬೇಡ. ನೋಡ್ತೀರಲ್ಲ?